ಬೂಟ್ ಆಗೋಕೆ ಒಂದು ಸೆಕೆಂಡ್ ಜಾಸ್ತಿ ಆದ್ರೆ ಆಗ್ಲಿ ಬಿಡಿ

ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಬಗ್ಗೆ ಮಾತು ಶುರುವಾದರೆ ಅದು ಬಂದು ನಿಲ್ಲೋದು ಬೂಟ್ ಟೈಮ್ ಹತ್ತಿರ. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಎಷ್ಟು ಸೆಕೆಂಡ್ ಉಳೀತು, ಯಾವ ಡಿಸ್ಟ್ರೋ ಬೇಗ ಏಳುತ್ತೆ, ಯಾವ ಸರ್ವಿಸ್ ಆಫ್ ಮಾಡಿದರೆ ಇನ್ನೂ ಅರ್ಧ ಸೆಕೆಂಡ್ ಗಿಟ್ಟುತ್ತೆ, ಹೀಗೆ. ವೇಗ ಬೇಕು ಅನ್ನೋದರಲ್ಲಿ ನಮಗೂ ತಕರಾರಿಲ್ಲ. ಆದರೆ ಆ ಮೊದಲ ಕೆಲವು ಸೆಕೆಂಡುಗಳಲ್ಲಿ ಕಂಪ್ಯೂಟರ್ ಮಾಡಿ ಮುಗಿಸಲೇಬೇಕಾದ ಒಂದು ಕೆಲಸ ಇದೆ. ಅದನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋದರೂ ಮೆಷಿನ್ ಚೆನ್ನಾಗೇ ಓಡುತ್ತೆ. ಎರರ್ ಬರಲ್ಲ, ಸ್ಕ್ರೀನ್ ಕಪ್ಪಾಗಲ್ಲ, ಯಾರಿಗೂ ಗೊತ್ತೂ ಆಗಲ್ಲ. ಗೊತ್ತಾಗುವ ಹೊತ್ತಿಗೆ ಆ ಮೆಷಿನ್ನಿನ ಬೀಗದ ಕೈ ಇನ್ಯಾರದೋ ಜೇಬಿನಲ್ಲಿರುತ್ತೆ. ಆ ಕೆಲಸ ಯಾವುದು ಅಂದರೆ, ಸಾಕಷ್ಟು ರ್ಯಾಂಡಮ್‌ನೆಸ್ ಕೂಡಿಹಾಕೋದು.

ನಾವು ಹೇಳಹೊರಟಿರುವುದು ಇಷ್ಟೇ. "ಇನ್ನೂ ರೆಡಿ ಇಲ್ಲ, ಸ್ವಲ್ಪ ಇರಿ" ಅಂತ ನಿಲ್ಲಿಸುವ ಸಿಸ್ಟಮ್, ರೆಡಿ ಇಲ್ಲದೆಯೂ ಏನೋ ಒಂದನ್ನು ಕೊಟ್ಟು ಕಳಿಸುವ ಸಿಸ್ಟಮ್‌ಗಿಂತ ಎಷ್ಟೋ ಮೇಲು. ಇದು ಕರ್ನಲ್ ಬರೆಯುವವರಿಗೆ ಮಾತ್ರ ಸಂಬಂಧಪಟ್ಟ ಮಾತಲ್ಲ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಬೋರ್ಡ್ ಕೊಂಡು ತರುವ ನಮ್ಮೆಲ್ಲರಿಗೂ ಸಂಬಂಧಪಟ್ಟದ್ದು.

256 ಕವಡೆ

ಚೌಕಾಬಾರ ಆಡಿದವರಿಗೆ ಕವಡೆ ಗೊತ್ತು. ಎಸೆದರೆ ಒಂದೋ ಅಂಗಾತ ಬೀಳುತ್ತೆ, ಇಲ್ಲಾ ಬೋರಲು. ಎರಡೂ ಸಮ ಸಮ ಬೀಳುತ್ತೆ ಅಂತಿಟ್ಟುಕೊಂಡರೆ ಒಂದು ಕವಡೆ ಒಂದು ಬಿಟ್ ಎಂಟ್ರೊಪಿ ಕೊಟ್ಟಂತೆ. ಥರ್ಮೋಡೈನಾಮಿಕ್ಸ್‌ನಲ್ಲಿ ಕಾಡಿದ ಎಂಟ್ರೊಪಿಯ ತಮ್ಮ ಇದು. ಇಲ್ಲಿ ಅರ್ಥ "ಎದುರಿನವನಿಗೆ ಊಹಿಸೋಕೆ ಎಷ್ಟು ಕಷ್ಟ" ಅಂತ. ಇವತ್ತಿನ ಲಿನಕ್ಸ್ ಕರ್ನಲ್ ತನ್ನ ರ್ಯಾಂಡಮ್ ಜನರೇಟರ್ ತಯಾರಾಯಿತು ಅಂತ ಒಪ್ಪಿಕೊಳ್ಳೋಕೆ 256 ಬಿಟ್ ಕೇಳುತ್ತೆ. ಅಂದರೆ 256 ಕವಡೆ ಎಸೆದಷ್ಟು. ಒಮ್ಮೆ ಅಷ್ಟು ಸಿಕ್ಕರೆ ಸಾಕು, ಅದನ್ನೇ ಬೀಜವಾಗಿ ಇಟ್ಟುಕೊಂಡು ಗಣಿತದ ಮೂಲಕ ಬೇಕಾದಷ್ಟು ಸಂಖ್ಯೆ ಹುಟ್ಟಿಸಬಹುದು. ಕಷ್ಟ ಇರೋದು ಆ ಮೊದಲ 256ರಲ್ಲಿ.

ಯಾಕೆ ಕಷ್ಟ? ಕಂಪ್ಯೂಟರ್ ಇರೋದೇ ಹೇಳಿದ್ದನ್ನು ಹೇಳಿದ ಹಾಗೇ ಮಾಡೋಕೆ. ಒಂದೇ ಇನ್‌ಪುಟ್ ಕೊಟ್ಟರೆ ಒಂದೇ ಔಟ್‌ಪುಟ್. ಹಾಗಾಗಿ ಅನಿಶ್ಚಿತತೆಯನ್ನು ಅದು ಹೊರಗಿನಿಂದ ತರಬೇಕು. ನೀವು ಕೀ ಒತ್ತಿದ ಕ್ಷಣ, ಮೌಸ್ ಅಲ್ಲಾಡಿದ ರೀತಿ, ಡಿಸ್ಕ್ ಉತ್ತರ ಕೊಡೋಕೆ ತೆಗೆದುಕೊಂಡ ಸಮಯ, ನೆಟ್‌ವರ್ಕ್ ಪ್ಯಾಕೆಟ್ ಬಂದ ಗಳಿಗೆ, ಇಂಥ ಇಂಟರಪ್ಟ್‌ಗಳ ನಡುವಿನ ಸಣ್ಣ ಸಣ್ಣ ಏರುಪೇರನ್ನು ಕರ್ನಲ್ ಹನಿ ಹನಿಯಾಗಿ ಕೂಡಿಸುತ್ತೆ. ಅರ್ಧ ಗಂಟೆ ಓಡಿದ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ಬರವಿಲ್ಲ.

ಬೂಟ್ ಆಗುವಾಗ ಮಾತ್ರ ಪರಿಸ್ಥಿತಿ ಬೇರೆ. ಅದೇ ಕರ್ನಲ್, ಅದೇ ಡಿಸ್ಕ್, ಅದೇ ಕ್ರಮ. ಎದುರಿಗೆ ಮನುಷ್ಯ ಇಲ್ಲ. ಮೂಲೆಯಲ್ಲಿ ಕೂತ ರೌಟರ್‌ಗೆ ಕೀಬೋರ್ಡೇ ಇಲ್ಲ. ತಿರುಗುವ ಡಿಸ್ಕ್ ಹೋಗಿ ಫ್ಲಾಶ್ ಬಂತು, ಅಲ್ಲಿ ಸಿಗುತ್ತಿದ್ದ ಏರುಪೇರೂ ಕಡಿಮೆಯಾಯಿತು. ಅಗ್ಗದ ಬೋರ್ಡುಗಳಲ್ಲಿ ಬ್ಯಾಟರಿ ಇರುವ ಗಡಿಯಾರವೂ ಇರಲ್ಲ. ಲಿನಕ್ಸ್ ಓಡಿಸುವ ಅಂಥ ಎಷ್ಟೋ ಬೋರ್ಡುಗಳು ಎದ್ದಾಗ ಅವುಗಳ ಲೆಕ್ಕದಲ್ಲಿ ಅದು 1970ರ ಜನವರಿ 1. ಮೊದಲ ಸಲ ಪೆಟ್ಟಿಗೆಯಿಂದ ತೆಗೆದು ಕರೆಂಟ್ ಕೊಟ್ಟ ಎರಡು ರೌಟರ್‌ಗಳು ಒಳಗಿನಿಂದ ನೋಡಿದರೆ ಅವಳಿಜವಳಿ. ವಿಪರ್ಯಾಸ ಏನಂದರೆ, ಇಂಥ ಸಾಧನಗಳು ತಮ್ಮ ಆಯಸ್ಸಿಗೆಲ್ಲ ಬೇಕಾದ ಕೀ ಹುಟ್ಟಿಸಿಕೊಳ್ಳೋದು ಸಾಮಾನ್ಯವಾಗಿ ಇದೇ ಮೊದಲ ಬೂಟ್‌ನಲ್ಲಿ. ಹಸಿವು ಅತಿ ಹೆಚ್ಚಿರುವಾಗಲೇ ಡಬ್ಬಿ ಖಾಲಿ.

2012ರಲ್ಲಿ ಸಿಕ್ಕಿಬಿದ್ದದ್ದು

ಇದು ಬರೀ ಪುಸ್ತಕದ ಭಯವೇ? ಅಲ್ಲ. 2012ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಇಂಟರ್‌ನೆಟ್‌ನಲ್ಲಿ ಬಹಿರಂಗವಾಗಿ ಸಿಗುವ ಪಬ್ಲಿಕ್ ಕೀಗಳನ್ನೆಲ್ಲ ಸ್ಕ್ಯಾನ್ ಮಾಡಿ ಗುಡ್ಡೆ ಹಾಕಿದರು. ಯಾರ ಮೆಷಿನ್ನಿಗೂ ನುಗ್ಗಲಿಲ್ಲ, ಯಾವ ಪಾಸ್‌ವರ್ಡೂ ಕದಿಯಲಿಲ್ಲ. ಅವರು ಮಾಡಿದ್ದು ಹೈಸ್ಕೂಲಿನ ಗಣಿತ: ಮ.ಸಾ.ಅ.

ಆರ್‌ಎಸ್‌ಎ ಕೀ ಅಂದರೆ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಗುಣಲಬ್ಧ ಕೊಟ್ಟು "ಆ ಎರಡು ಸಂಖ್ಯೆ ಯಾವುವು ಹೇಳು" ಅಂದರೆ ಯಾರಿಂದಲೂ ಆಗಲ್ಲ, ಭದ್ರತೆ ನಿಂತಿರೋದೇ ಅದರ ಮೇಲೆ. ಈಗ ಎರಡು ರೌಟರ್‌ಗಳು ಒಂದೇ ಖಾಲಿ ಸ್ಥಿತಿಯಲ್ಲಿ ಎದ್ದವು ಅಂದುಕೊಳ್ಳಿ. ಇಬ್ಬರಿಗೂ ಮೊದಲ ಅವಿಭಾಜ್ಯ ಒಂದೇ ಬಂತು. ಅಷ್ಟರಲ್ಲಿ ಒಂದರ ಗಡಿಯಾರ ಒಂದು ಸೆಕೆಂಡ್ ಮುಂದೆ ಹೋಯಿತು, ಆ ಸಮಯವೂ ಜನರೇಟರ್‌ಗೆ ಬೆರೆಯಿತು, ಎರಡನೆಯದು ಬೇರೆ ಬೇರೆ ಆಯಿತು. ಸಣ್ಣ ಸಂಖ್ಯೆಯಲ್ಲಿ ನೋಡಿ. ಒಂದರ ಕೀ 7 ಗುಣಿಸು 11, ಅಂದರೆ 77. ಇನ್ನೊಂದರದು 7 ಗುಣಿಸು 13, ಅಂದರೆ 91. ಬಿಡಿ ಬಿಡಿಯಾಗಿ ಎರಡನ್ನೂ ಒಡೆಯೋದು ಕಷ್ಟ ಅಂತಲೇ ಇಟ್ಟುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮ.ಸಾ.ಅ. ತೆಗೆದರೆ 7 ಹೊರಗೆ ಬಿತ್ತು. ಎರಡೂ ಬೀಗ ತೆರೆದವು. ಯೂಕ್ಲಿಡ್‌ನ ವಿಧಾನಕ್ಕೆ ನೂರಾರು ಅಂಕಿಗಳ ಸಂಖ್ಯೆಯೂ ಲೆಕ್ಕಕ್ಕಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹೀಗೆ ಅವರ ಕೈಗೆ ಸಿಕ್ಕಿದ್ದು ಟಿಎಲ್‌ಎಸ್ ಬಳಸುವ ಹೋಸ್ಟ್‌ಗಳಲ್ಲಿ ಶೇ. 0.5ರಷ್ಟರ ಪ್ರೈವೇಟ್ ಕೀ, ಅಂದರೆ ಸುಮಾರು 64 ಸಾವಿರ ಮೆಷಿನ್. ಎಸ್‌ಎಸ್‌ಎಚ್ ಹೋಸ್ಟ್‌ಗಳಲ್ಲೂ ಡಿಎಸ್‌ಎ ಕೀ ಬಳಸುವ ಕಡೆ ಸಹಿಗೆ ಬೇಕಾದ ರ್ಯಾಂಡಮ್‌ನೆಸ್ ಸಾಲದೆ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು ಕೀಗಳು ಬಯಲಾದವು. ಬಹುಪಾಲು ರೌಟರ್, ಫೈರ್‌ವಾಲ್‌ನಂಥ ಕೀಬೋರ್ಡ್ ಇಲ್ಲದ ಸಾಧನಗಳೇ. ಲಿನಕ್ಸ್‌ನಲ್ಲಿ ಬೂಟ್ ಆರಂಭದಲ್ಲಿ ಯುರ್ಯಾಂಡಮ್ ಫೈಲಿನಿಂದ ಬರುವ ಸಂಖ್ಯೆಗಳನ್ನು ಊಹಿಸಬಹುದಾದ ಒಂದು ಕಿಂಡಿ ಇದೆ ಅಂತಲೂ ಅವರು ತೋರಿಸಿದರು. ಆ ಫೈಲ್ ಎಂದೂ ಕಾಯಿಸುತ್ತಿರಲಿಲ್ಲ. ಕೇಳಿದರೆ ಸಾಕು, ಡಬ್ಬಿ ಖಾಲಿ ಇದ್ದರೂ ಏನಾದರೂ ಕೊಡುತ್ತಿತ್ತು. ಪ್ರೋಗ್ರಾಮರ್‌ಗೆ ಖುಷಿ, ಟೆಸ್ಟ್ ಪಾಸ್, ಸಾಧನ ಮಾರುಕಟ್ಟೆಗೆ.

ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ

2014ರಲ್ಲಿ ಲಿನಕ್ಸ್ 3.17ಕ್ಕೆ ಗೆಟ್‌ರ್ಯಾಂಡಮ್ ಅನ್ನೋ ಸಿಸ್ಟಮ್ ಕಾಲ್ ಬಂತು. ಅದರ ನಿಯಮ ಸರಳ: ಜನರೇಟರ್ ತಯಾರಾಗುವವರೆಗೆ ಕಾಯಿಸುತ್ತೆ, ಒಮ್ಮೆ ತಯಾರಾದ ಮೇಲೆ ಯಾವತ್ತೂ ಕಾಯಿಸಲ್ಲ. ನಮ್ಮ ಪ್ರಕಾರ ಸರಿಯಾದ ನಿಯಮ ಇದೇ. ಆದರೆ ಇದರ ಬಿಸಿ 2019ರಲ್ಲಿ ತಟ್ಟಿತು.

ಲಿನಕ್ಸ್ 5.3 ಸಿದ್ಧವಾಗುತ್ತಿದ್ದಾಗ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ಗೆ ಒಂದು ಒಳ್ಳೆಯ ಸುಧಾರಣೆ ಬಂದಿತ್ತು. ಡಿಸ್ಕ್‌ಗೆ ಪದೇ ಪದೇ ಹೋಗುವ ಬದಲು ಕೋರಿಕೆಗಳನ್ನು ಒಟ್ಟುಗೂಡಿಸುವುದು. ಡಿಸ್ಕ್ ಓದು ಕಡಿಮೆಯಾಯಿತು, ಜೊತೆಗೆ ಇಂಟರಪ್ಟ್‌ಗಳೂ ಕಡಿಮೆಯಾದವು, ಅದರೊಟ್ಟಿಗೆ ಎಂಟ್ರೊಪಿಯೂ. ಒಬ್ಬ ಡೆವಲಪರ್‌ನ ಲ್ಯಾಪ್‌ಟಾಪ್ ಲಾಗಿನ್ ಪರದೆ ಬರುವ ಮುಂಚೆಯೇ ನಿಂತುಬಿಟ್ಟಿತು. ಪರದೆ ತರಬೇಕಾದ ಪ್ರೋಗ್ರಾಮ್ ರ್ಯಾಂಡಮ್ ಸಂಖ್ಯೆಗೆ ಕಾಯುತ್ತಿದೆ. ಎಲ್ಲರೂ ಕಾಯುತ್ತಿರುವುದರಿಂದ ಮೆಷಿನ್ನಿನಲ್ಲಿ ಏನೂ ನಡೆಯುತ್ತಿಲ್ಲ. ಏನೂ ನಡೆಯದೆ ಎಂಟ್ರೊಪಿ ಬರಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.

ಲೈನಸ್ ಟೋರ್ವಾಲ್ಡ್ಸ್ 5.3 ಬಿಡುಗಡೆಗೆ ಮುಂಚೆ ಆ ಫೈಲ್‌ಸಿಸ್ಟಮ್ ಸುಧಾರಣೆಯನ್ನೇ ಹಿಂದಕ್ಕೆ ತೆಗೆದರು. ಅದರಲ್ಲಿ ದೋಷ ಇತ್ತು ಅಂತಲ್ಲ. ನಿನ್ನೆವರೆಗೆ ಏಳುತ್ತಿದ್ದ ಮೆಷಿನ್ ಇವತ್ತು ಏಳದಿದ್ದರೆ ಅದನ್ನು ಒಪ್ಪಲಾಗದು ಅನ್ನೋದು ಅವರ ನಿಲುವು. ಈ ನಿಲುವಿನ ಹಿಂದಿರುವ ವಾದವನ್ನು ನಾವು ಹಗುರವಾಗಿ ತೆಗೆದುಕೊಳ್ಳಲ್ಲ. ಬೂಟೇ ಆಗದ ಮೆಷಿನ್ನಿಗೆ ಸೆಕ್ಯುರಿಟಿ ಕಟ್ಟಿಕೊಂಡು ಏನು ಮಾಡೋದು? ಬೆಟ್ಟದ ಮೇಲಿನ ಟವರ್‌ನಲ್ಲಿರುವ ಪೆಟ್ಟಿಗೆ ಕಾಯುತ್ತಾ ಕೂತರೆ ಅಲ್ಲಿಗೆ ಹೋಗಿ ಕೀಬೋರ್ಡ್ ಒತ್ತೋರು ಯಾರು? ನ್ಯಾಯವಾದ ಪ್ರಶ್ನೆಗಳೇ.

ಆದರೂ ನಾವು ಕಾಯುವವರ ಪಕ್ಷ. ಕಾರಣ ಎರಡು.

ಮೊದಲನೆಯದು, ಗಲಾಟೆ ಮಾಡಿ ನಿಂತ ಮೆಷಿನ್ ರಿಪೇರಿ ಆಗುತ್ತೆ. 2019ರ ಆ ದೂರು ಬಂದದ್ದು ಸೆಪ್ಟೆಂಬರ್‌ನಲ್ಲಿ, ಪರಿಹಾರ ಬಂದದ್ದೂ ಅದೇ ಸೆಪ್ಟೆಂಬರ್ ಕೊನೆಯಲ್ಲಿ. ಕಾಯುವವನು ಸುಮ್ಮನೆ ಕೂರದೆ, ಪ್ರೊಸೆಸರ್‌ನ ಸೈಕಲ್ ಕೌಂಟರ್ ಮತ್ತು ಟೈಮರ್ ನಡುವಿನ ಸಣ್ಣ ಜಿಟರ್ ಅಳೆದು ತಾನೇ ಎಂಟ್ರೊಪಿ ಹುಟ್ಟಿಸಿಕೊಳ್ಳುವ ಕೋಡನ್ನು ಲೈನಸ್ 5.4ಕ್ಕೆ ಸೇರಿಸಿದರು. ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ಹಿಡಿಯೋದು ಹೆಚ್ಚೂ ಕಮ್ಮಿ ಒಂದು ಸೆಕೆಂಡ್. ಇದಕ್ಕೆ ಹೋಲಿಸಿ ನೋಡಿ: ಯುರ್ಯಾಂಡಮ್‌ನ ಮೌನದ ತಪ್ಪು ಯಾರೋ ಇಂಟರ್‌ನೆಟ್‌ ಪೂರ್ತಿ ಜಾಲಾಡುವವರೆಗೆ ವರ್ಷಗಟ್ಟಲೆ ಹಾಗೇ ಬಿದ್ದಿತ್ತು.

ಎರಡನೆಯದು, ಎಲ್ಲರೂ ಕಾಯಬೇಕಾಗಿಯೇ ಇಲ್ಲ. ನಾವೆಲ್ಲ ಬಳಸುವ ಪೈಥಾನ್‌ನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 3.5ರಲ್ಲಿ ಪೈಥಾನ್ ಶುರುವಾಗುವಾಗಲೇ ಡಿಕ್ಷನರಿಯ ಹ್ಯಾಶ್ ಬೀಜಕ್ಕಾಗಿ ಗೆಟ್‌ರ್ಯಾಂಡಮ್ ಕರೆಯುತ್ತಿತ್ತು. ಬೂಟ್ ಆರಂಭದಲ್ಲಿ ಓಡುವ ಪುಟ್ಟ ಸ್ಕ್ರಿಪ್ಟ್ ಕೂಡ ಇದರಿಂದ ನಿಂತುಹೋಗುತ್ತಿತ್ತು. ಉದ್ದನೆಯ ವಾಗ್ವಾದದ ನಂತರ 3.6ರಲ್ಲಿ ಒಂದು ತೀರ್ಮಾನಕ್ಕೆ ಬಂದರು. ಹ್ಯಾಶ್ ಬೀಜಕ್ಕೆ ಕಾಯೋದು ಬೇಡ, ಸಿಕ್ಕಿದ್ದರಲ್ಲಿ ಮುಗಿಸೋಣ. ಆದರೆ ಕೀ ಹುಟ್ಟಿಸೋಕೆ ಬಳಸುವ ಯುರ್ಯಾಂಡಮ್ ಫಂಕ್ಷನ್ ಕಾಯಲೇಬೇಕು. ಯಾರಿಗೆ ಅವಸರ, ಯಾರಿಗೆ ಭದ್ರತೆ ಅಂತ ಬೇರೆ ಮಾಡಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತೆ.

ನಿನ್ನೆಯ ಹೆಪ್ಪು

ಕಾಯೋದನ್ನು ಕಡಿಮೆ ಮಾಡೋಕೆ ಮರ್ಯಾದಸ್ಥ ದಾರಿಗಳೂ ಇವೆ. ಅದರಲ್ಲಿ ಹಳೆಯದು ಮನೆಯಲ್ಲಿ ಅಮ್ಮ ದಿನಾ ರಾತ್ರಿ ಮಾಡೋದೇ: ಇವತ್ತಿನ ಮೊಸರಲ್ಲಿ ಒಂದು ಚಮಚ ನಾಳೆಯ ಹೆಪ್ಪಿಗೆ ಎತ್ತಿಡೋದು. ಮೆಷಿನ್ ಆಫ್ ಆಗುವಾಗ ತನ್ನ ಜನರೇಟರ್‌ನಿಂದ ಒಂದಿಷ್ಟು ಬೈಟ್ ತೆಗೆದು ಡಿಸ್ಕ್‌ನಲ್ಲಿ ಇಡುತ್ತೆ, ಮುಂದಿನ ಬೂಟ್‌ನಲ್ಲಿ ಅದನ್ನು ಹಾಲಿಗೆ ಬೆರೆಸುತ್ತೆ. ಓಪನ್‌ಬಿಎಸ್‌ಡಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಬೂಟ್‌ಲೋಡರೇ ಈ ಬೀಜವನ್ನು ಓದಿ ಕರ್ನಲ್ ಕೈಗೆ ಕೊಡುತ್ತೆ, ಹಾಗಾಗಿ ಕರ್ನಲ್ ಎದ್ದ ಕ್ಷಣದಿಂದಲೇ ಕೈಯಲ್ಲಿ ಹೆಪ್ಪಿರುತ್ತೆ.

ಆದರೆ ಹೊಸ ಮನೆಗೆ ಒಕ್ಕಲು ಹೋದ ಮೊದಲ ದಿನ ಹೆಪ್ಪು ಎಲ್ಲಿಂದ? ಪಕ್ಕದ ಮನೆಯಿಂದಲೇ ತರಬೇಕು. ವರ್ಚುವಲ್ ಮೆಷಿನ್ ಆದರೆ ಹೋಸ್ಟ್ ಕೊಡಬಹುದು, ವರ್ಟ್‌ಐಓ ಆರ್‌ಎನ್‌ಜಿ ಇರೋದು ಅದಕ್ಕೇ. ಪ್ರೊಸೆಸರ್ ಒಳಗೇ ಇರುವ ಆರ್‌ಡಿರ್ಯಾಂಡ್ ಇನ್‌ಸ್ಟ್ರಕ್ಷನ್ ಕೊಡಬಹುದು. ಆದರೆ ಒಬ್ಬರನ್ನೇ ನಂಬಿ ಕೂರೋದು ಅಪಾಯ. 2019ರಲ್ಲೇ ಎಎಂಡಿಯ ಆಗ ತಾನೇ ಬಂದಿದ್ದ ರೈಜೆನ್ 3000 ಪ್ರೊಸೆಸರ್‌ಗಳಲ್ಲಿ ಈ ಇನ್‌ಸ್ಟ್ರಕ್ಷನ್ "ಯಶಸ್ವಿ" ಅಂತ ಹೇಳಿ ಪ್ರತಿ ಸಲವೂ ಬರೀ 1ಗಳನ್ನೇ ಕೊಡುತ್ತಿತ್ತು. ಅದನ್ನು ನೇರವಾಗಿ ನಂಬಿದ್ದ ಸಿಸ್ಟಮ್‌ಡಿ ಇದ್ದ ಕೆಲವು ಡಿಸ್ಟ್ರೋಗಳು ಬೂಟೇ ಆಗಲಿಲ್ಲ. ಬಯೋಸ್ ಅಪ್‌ಡೇಟ್ ಬಂದ ಮೇಲೆ ಸರಿಹೋಯಿತು. ಜಿಟರ್‌ಗೂ ಮಿತಿ ಇದೆ: ಸರಳವಾದ ಸಣ್ಣ ಪ್ರೊಸೆಸರ್‌ಗಳಲ್ಲಿ, ಸೈಕಲ್ ಕೌಂಟರ್ ಇಲ್ಲದ ಕಡೆಗಳಲ್ಲಿ ಅದು ನಡೆಯಲ್ಲ. 2022ರಲ್ಲಿ ಯುರ್ಯಾಂಡಮ್ ಫೈಲನ್ನೂ ಕಾಯಿಸುವಂತೆ ಮಾಡುವ ಪ್ರಯತ್ನ ನಡೆದು ಇಂಥ ಕೆಲವು ಮೆಷಿನ್ನುಗಳು ಏಳದೆ ಹೋದಾಗ ಅದನ್ನು ವಾಪಸ್ ತೆಗೆಯಬೇಕಾಯಿತು. ಹಾಗಾಗಿ ಕರ್ನಲ್ ಈಗ ಮಾಡೋದು ನಾಲ್ಕು ಮನೆಯಿಂದ ತಂದು ಬೆರೆಸೋ ಕೆಲಸ. ಒಂದು ಕೆಟ್ಟಿದ್ದರೂ ಉಳಿದದ್ದು ಕಾಯುತ್ತೆ.

ಹೆಪ್ಪಿನ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ. ಒಂದು ಮೆಷಿನ್ನಿಗೆ ಎಲ್ಲವನ್ನೂ ಇನ್‌ಸ್ಟಾಲ್ ಮಾಡಿ, ಆ ಡಿಸ್ಕ್ ಇಮೇಜನ್ನೇ 60 ಮೆಷಿನ್ನಿಗೆ ಕಾಪಿ ಹೊಡೆಯೋದು ಲ್ಯಾಬ್‌ಗಳಲ್ಲೂ ಕ್ಲೌಡ್‌ನಲ್ಲೂ ಮಾಮೂಲಿ. ಆ ಇಮೇಜ್ ಜೊತೆ ಬೀಜದ ಫೈಲೂ ಕಾಪಿ ಆಗುತ್ತೆ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳೂ ಕಾಪಿ ಆಗುತ್ತವೆ. 60 ಮನೆಗೂ ಒಂದೇ ಬೀಗದ ಕೈ. ಸಿಸ್ಟಮ್‌ಡಿ ಮಾಡಿದವರು ಇದನ್ನು ಯೋಚಿಸಿಯೇ, ಬೀಜದ ಫೈಲನ್ನು ಬೆರೆಸಿದರೂ ತಾನಾಗಿ 256ರ ಲೆಕ್ಕಕ್ಕೆ ಸೇರಿಸಲ್ಲ. ಇಮೇಜ್ ತೆಗೆಯುವ ಮುಂಚೆ ಬೀಜದ ಫೈಲ್, ಹೋಸ್ಟ್ ಕೀ ಅಳಿಸೋದು, ಮೆಷಿನ್ ಐಡಿ ಖಾಲಿ ಮಾಡೋದು ಎರಡು ನಿಮಿಷದ ಕೆಲಸ.

ನಮ್ಮ ಪ್ರಾಜೆಕ್ಟುಗಳ ಮಾತು

ಈಗ ನಮ್ಮ ಅಂಗಳಕ್ಕೆ ಬರೋಣ. ಓಟಿಪಿ ಕೇಳುವ ಸ್ಮಾರ್ಟ್ ಲಾಕ್ ಪ್ರಾಜೆಕ್ಟ್ ಯಾವ ಬ್ಯಾಚ್‌ಗೂ ಹೊಸದಲ್ಲ. ಆರ್ಡುಯಿನೊ ಉನೊದಲ್ಲಿ ರ್ಯಾಂಡಮ್ ಫಂಕ್ಷನ್‌ಗೆ ಬೀಜ ಕೊಡದೆ ಬಿಟ್ಟರೆ ಪ್ರತಿ ರೀಸೆಟ್ ಆದ ಮೇಲೂ ಅದೇ ಸರಣಿ ಬರುತ್ತೆ. ಅಂದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಮೊದಲ ಓಟಿಪಿ ಒಂದೇ. ಕಳ್ಳನಿಗೆ ಸ್ಕ್ರೂಡ್ರೈವರ್ ಬೇಡ, ಫ್ಯೂಸ್ ತೆಗೆದು ಹಾಕಿದರೆ ಸಾಕು.

"ನಾವು ಖಾಲಿ ಪಿನ್ನಿನ ಅನಲಾಗ್ ರೀಡ್ ಹಾಕಿ ಬೀಜ ಕೊಟ್ಟಿದೀವಿ" ಅಂತ ಹೇಳಬಹುದು. ಎಲ್ಲ ಟ್ಯುಟೋರಿಯಲ್‌ಗಳೂ ಹೇಳೋದು ಇದನ್ನೇ. ಆದರೆ ಆ ರೀಡ್ 10 ಬಿಟ್‌ನದು. ಬೆಲೆ 0ಯಿಂದ 1023. ಅಂದರೆ ಇಡೀ ಜಗತ್ತಿನಲ್ಲಿ ನಿಮ್ಮ ಲಾಕ್‌ಗೆ ಸಾಧ್ಯ ಇರೋದು ಹೆಚ್ಚೆಂದರೆ 1,024 ಸರಣಿ. ಹತ್ತು ಕವಡೆ, ಅಷ್ಟೇ. ಅವನ್ನೆಲ್ಲ ಪಟ್ಟಿ ಮಾಡೋಕೆ ಲ್ಯಾಪ್‌ಟಾಪ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಒಂದೆರಡು ಓಟಿಪಿ ನೋಡಿದರೆ ಯಾವ ಸರಣಿ ಅಂತ ಗೊತ್ತಾಗುತ್ತೆ, ಮುಂದಿನದೆಲ್ಲ ಕೈಯಲ್ಲಿ. ಎಲ್‌ಇಡಿ ಮಿಣುಕಿಸೋಕೆ ಇದು ಧಾರಾಳ ಸಾಕು. ಬಾಗಿಲಿಗೆ ಸಾಲದು.

ಇಎಸ್‌ಪಿ32ರಲ್ಲಿ ಹಾರ್ಡ್‌ವೇರ್ ರ್ಯಾಂಡಮ್ ಜನರೇಟರ್ ಇದೆ, ಅದು ದೊಡ್ಡ ಅನುಕೂಲ. ಆದರೆ ಅದರ ಡಾಕ್ಯುಮೆಂಟೇಶನ್ ಸ್ಪಷ್ಟವಾಗಿ ಹೇಳುತ್ತೆ: ವೈಫೈ ಅಥವಾ ಬ್ಲೂಟೂತ್ ಆನ್ ಆಗಿರಬೇಕು, ಇಲ್ಲವೇ ಒಳಗಿನ ಎಂಟ್ರೊಪಿ ಮೂಲವನ್ನು ನೀವೇ ಆನ್ ಮಾಡಿರಬೇಕು. ಎರಡೂ ಇಲ್ಲದಿದ್ದರೆ ಬರುವ ಸಂಖ್ಯೆಯನ್ನು ನಿಜವಾದ ರ್ಯಾಂಡಮ್ ಅಂತ ನಂಬಬೇಡಿ. ಈಗ ನಮ್ಮ ಕೋಡ್‌ಗಳ ಸೆಟಪ್ ಫಂಕ್ಷನ್ ತೆಗೆದು ನೋಡಿ. ಕೀ ಹುಟ್ಟಿಸುವ ಸಾಲು ವೈಫೈ ಶುರುಮಾಡುವ ಸಾಲಿಗಿಂತ ಮೇಲಿದೆಯಾ, ಕೆಳಗಿದೆಯಾ? ಎರಡು ಸಾಲಿನ ಕ್ರಮದಲ್ಲಿ ಭದ್ರತೆ ಇದೆ. ಕಂಪೈಲರ್ ಇದಕ್ಕೆ ವಾರ್ನಿಂಗ್ ಕೊಡಲ್ಲ. ರ್ಯಾಸ್ಪ್‌ಬೆರಿ ಪೈ ಮೇಲೆ ಪೈಥಾನ್ ಬರೆಯುವವರು ಟೋಕನ್, ಓಟಿಪಿಗಳಿಗೆ ರ್ಯಾಂಡಮ್ ಮಾಡ್ಯೂಲ್ ಬಿಟ್ಟು ಸೀಕ್ರೆಟ್ಸ್ ಮಾಡ್ಯೂಲ್ ಬಳಸಿದರೆ ಕಾಯುವ ಜವಾಬ್ದಾರಿ ಕರ್ನಲ್‌ಗೆ ಹೋಗುತ್ತೆ.

ನಮ್ಮ ಸಿಲೆಬಸ್‌ನಲ್ಲಿ ಬೂಟ್ ಪ್ರೊಸೆಸ್ ಆಪರೇಟಿಂಗ್ ಸಿಸ್ಟಮ್ ಪೇಪರ್‌ನಲ್ಲಿ ಬರುತ್ತೆ, ಆರ್‌ಎಸ್‌ಎ ಕ್ರಿಪ್ಟೋಗ್ರಫಿ ಪೇಪರ್‌ನಲ್ಲಿ ಬರುತ್ತೆ. "ಎರಡು ಅವಿಭಾಜ್ಯ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸಿ" ಅಂತ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ. ಎಲ್ಲಿಂದ ಆರಿಸೋದು ಅನ್ನೋ ಪ್ರಶ್ನೆ ಎರಡೂ ಪೇಪರ್‌ಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗಿದೆ. ಹಾಗಾಗಿ ನಮ್ಮ ಬೇಡಿಕೆ ಸಣ್ಣದು. ಲಾಕ್, ಹಾಜರಾತಿ, ಪೇಮೆಂಟ್, ಸೆನ್ಸರ್ ನೆಟ್‌ವರ್ಕ್, ಯಾವುದೇ ಪ್ರಾಜೆಕ್ಟ್‌ನಲ್ಲಿ ಕೀ ಅಥವಾ ಓಟಿಪಿ ಇದ್ದರೆ ವೈವಾದಲ್ಲಿ ಮೂರು ಪ್ರಶ್ನೆ ಕೇಳಲಿ. ಕೀ ಯಾವಾಗ ಹುಟ್ಟುತ್ತೆ? ಆ ಕ್ಷಣಕ್ಕೆ ರ್ಯಾಂಡಮ್‌ನೆಸ್ ಎಲ್ಲಿಂದ ಬರುತ್ತೆ? ಸಾಲದೆ ಹೋದರೆ ನಿಮ್ಮ ಸಾಧನ ಏನು ಮಾಡುತ್ತೆ: ಕಾಯುತ್ತಾ, ಎರರ್ ಕೊಡುತ್ತಾ, ಇಲ್ಲಾ ಸುಮ್ಮನೆ ಮುಂದೆ ಹೋಗುತ್ತಾ?

ಅಲ್ಲಿಯವರೆಗೆ ಕಾಯೋದೂ ಬೇಡ. ಸಂಜೆ ಲ್ಯಾಬ್‌ನಲ್ಲಿ ನಿಮ್ಮ ಬೋರ್ಡ್‌ನ ರೀಸೆಟ್ ಬಟನ್ ಇಪ್ಪತ್ತು ಸಲ ಒತ್ತಿ, ಪ್ರತಿ ಸಲ ಬರುವ ಮೊದಲ ಸಂಖ್ಯೆಯನ್ನು ಬರೆದಿಡಿ. ಒಂದೇ ಕೋಡ್ ಹಾಕಿದ ಎರಡು ಬೋರ್ಡ್‌ಗಳಿಗೆ ಒಟ್ಟಿಗೆ ಪವರ್ ಕೊಟ್ಟು ನೋಡಿ. ಬೇರೆ ಬೇರೆ ಸಂಖ್ಯೆ ಬಂದರೆ ಎಲ್ಲ ಸರಿ ಇದೆ ಅಂತ ಅರ್ಥ ಅಲ್ಲ. ಆದರೆ ಒಂದೇ ಬಂದರೆ ಕೆಟ್ಟಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಲಿನಕ್ಸ್ ಇದ್ದವರು ಕರ್ನಲ್ ಲಾಗ್ ತೆಗೆದು "ಸಿಆರ್‌ಎನ್‌ಜಿ ಇನಿಟ್ ಡನ್" ಅನ್ನೋ ಸಾಲು ಎಷ್ಟನೇ ಸೆಕೆಂಡ್‌ಗೆ ಬಂದಿದೆ ನೋಡಿ. ಆ ಸಾಲು ಬರುವ ಮುಂಚೆ ಯಾರಾದರೂ ಕೀ ಹುಟ್ಟಿಸಿದ್ದಾರಾ ಅಂತ ಹುಡುಕಿ.

ಇನ್ನು ಎರಡು ಮೂರು ವರ್ಷದಲ್ಲಿ ನಮ್ಮಲ್ಲೇ ಕೆಲವರು ಮೀಟರ್, ಚಾರ್ಜರ್, ಕ್ಯಾಮೆರಾಗಳ ಫರ್ಮ್‌ವೇರ್ ಬರೆಯುತ್ತಿರುತ್ತೇವೆ. ಆಗ ಬೂಟ್ ಟೈಮ್ ಕಡಿಮೆ ಮಾಡಿ ಅಂತ ಮೇಲಿನಿಂದ ಒತ್ತಡ ಬಂದೇ ಬರುತ್ತೆ, ಎಲ್ಲಿ ಒಂದು ಸೆಕೆಂಡ್ ಕತ್ತರಿಸೋಣ ಅಂತ ಹುಡುಕುತ್ತೇವೆ. ಲೋಗೋ ತೋರಿಸುವ ಅನಿಮೇಶನ್ ಕತ್ತರಿಸಿ, ಬೇಡದ ಡ್ರೈವರ್ ಕತ್ತರಿಸಿ. ಕವಡೆ ಬೀಳುವ ಆ ಒಂದು ಸೆಕೆಂಡನ್ನು ಮಾತ್ರ ಮುಟ್ಟಬೇಡಿ.